ಟ್ರ್ಯಾಕ್ಟರಿನ ಹಿಂಗಾಲಿಗಳ ಅಂತರ: ಅಚ್ಚು ಕತ್ತರಿಸಬೇಡಿರಿ
ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಗೋವಿನಜೋಳವನ್ನು 60 ಸೆಂ.ಮೀ. ಸಾಲುಗಳಲ್ಲಿ ಬಿತ್ತಿದ್ದರೆ, ಎಡೆ ಹೊಡೆಯುವ ಟ್ರ್ಯಾಕ್ಟರಿನ ಹಿಂಗಾಲಿಗಳ ನಡುವಣ ಅಂತರ ಮಧ್ಯದಿಂದ ಮಧ್ಯಕ್ಕೆ 120 ಸೆಂ.ಮೀ. ಇರಬೇಕು. ಇಲ್ಲದಿದ್ದರೆ ಗಾಲಿ ಬೆಳೆಯ ಮೇಲೆಯೇ ಹಾಯುತ್ತದೆ. ಇದಕ್ಕಾಗಿ ಅಚ್ಚು ಕತ್ತರಿಸಿ ಬೆಸುಗೆ ಹಾಕಿಸಬಾರದು. ಬೆಸುಗೆಯ ಕಾವಿಗೆ ಉಕ್ಕಿನ ಹದ ಕೆಟ್ಟು, ಭಾರ ಬಿದ್ದಾಗ ಅಲ್ಲಿಯೇ ಮುರಿದು ಜೀವಕ್ಕೆ ಅಪಾಯವಾದೀತು. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಗಾಲಿಯ ಡಿಸ್ಕನ್ನು ಮಗುಚಿ ಹಾಕಿದರೆ ಅಂತರ ಕಿರಿದಾಗುತ್ತದೆ. ಖರ್ಚು ಕೂಲಿಯಷ್ಟೇ. ಅಚ್ಚಿನ ಕೆಳಗೆ ಗಟ್ಟಿ ದಿಮ್ಮಿ ಕೊಟ್ಟು ಗಾಲಿ ಬಿಚ್ಚಿರಿ. ಟಾಯರಿನ ಹಲ್ಲುಗಳ ದಿಕ್ಕು ತಿರುವುಮುರುವಾಗದಿರಲಿ. ಕೆಲ ತಾಸು ಓಡಿಸಿ ಬೋಲ್ಟು ಮತ್ತೆ ಬಿಗಿಯಿರಿ. ಅಂತರ 135 ಸೆಂ.ಮೀ.ಗಿಂತ ಇಳಿಯದಿದ್ದರೆ, ಮುಂದಿನ ಹಂಗಾಮಿಗೆ ಕೂರಿಗೆಯ ತಾಳುಗಳನ್ನೇ 67.5 ಸೆಂ.ಮೀ.ಗೆ ಹೊಂದಿಸುವುದು ಲೇಸು. ಅಂತರ ಕಿರಿದಾದ ಟ್ರ್ಯಾಕ್ಟರು ಇಳಿಜಾರಿನಲ್ಲಿ ಬೇಗ ಉರುಳುತ್ತದೆ. ಬದು ದಾಟುವಾಗ ನಿಧಾನವಿರಲಿ.