ದೊಡ್ಡ ಗಾಡಿ: ಕೊಳ್ಳುವ ಮುನ್ನ ಮೂರು ಲೆಕ್ಕ

ಬಿಡದಿಯ ಟೊಯೊಟಾ ಕಾರ್ಖಾನೆಯಿಂದ 2000ದಲ್ಲಿ ಮಾರುಕಟ್ಟೆಗೆ ಬಂದ ಕ್ವಾಲಿಸ್ ಬಹುಮಟ್ಟಿಗೆ ಟ್ಯಾಕ್ಸಿಯವರ, ಕೂಡುಕುಟುಂಬದವರ ಗಾಡಿಯಾಗಿತ್ತು. ಈಗ ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿ, ಎಂಪಿವಿ ಬಗೆಯವು. ಮೂರು ಜನರ ಮನೆಯವರೂ ಏಳು ಸೀಟಿನ ಗಾಡಿ ನೋಡಲು ಷೋರೂಮಿಗೆ ಹೋಗುತ್ತಾರೆ. ‘ದೊಡ್ಡದಾದರೆ ಸೇಫು, ಊರಿಗೆ ಹೋಗೋಕೂ ಅನುಕೂಲ’ ಎಂಬ ಮಾತಿನಲ್ಲಿ ಸತ್ಯವಿದೆ. ಎಷ್ಟು ಸತ್ಯ, ಅದಕ್ಕೆ ತೆರುವ ಬೆಲೆ ಏನು ಎಂಬುದನ್ನು ಬಿಡಿಸಿ ನೋಡೋಣ.

ತೂಕ ಯಾರನ್ನು ಕಾಯುತ್ತದೆ?

2,000 ಕೆ.ಜಿ.ಯ ಗಾಡಿಯೂ 1,000 ಕೆ.ಜಿ.ಯ ಕಾರೂ ಗಂಟೆಗೆ 50 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಗುದ್ದಿ, ಒಂದಕ್ಕೊಂದು ಕಚ್ಚಿಕೊಂಡವು ಎನ್ನಿ. ಸಂವೇಗದ ನಿಯಮದಂತೆ ಎರಡೂ ಸೇರಿ, ಭಾರದ ಗಾಡಿ ಹೊರಟಿದ್ದ ದಿಕ್ಕಿಗೇ ಸುಮಾರು 17 ಕಿ.ಮೀ. ವೇಗದಲ್ಲಿ ತಳ್ಳಿಕೊಂಡು ಹೋಗುತ್ತವೆ. ಭಾರದ ಗಾಡಿಯ ವೇಗ ಕ್ಷಣಾರ್ಧದಲ್ಲಿ 33 ಕಿ.ಮೀ.ಯಷ್ಟು ಬದಲಾದರೆ ಹಗುರ ಕಾರಿನದು 67 ಕಿ.ಮೀ.ಯಷ್ಟು ಬದಲಾಗುತ್ತದೆ. ಒಳಗಿರುವವರಿಗೆ ಎಷ್ಟು ಪೆಟ್ಟಾಗುತ್ತದೆ ಎಂಬುದು ಮುಖ್ಯವಾಗಿ ಈ ಬದಲಾವಣೆಯ ಮೇಲೆ ನಿಂತಿದೆ. ತೂಕ ನಮ್ಮನ್ನು ಕಾಯುವುದು ನಿಜ, ಆದರೆ ಆ ರಕ್ಷಣೆಯ ಬೆಲೆಯನ್ನು ತೆರುವವರು ಎದುರಿನವರು.

ಗುದ್ದಿದ್ದು ಮರಕ್ಕೋ ಸೇತುವೆಯ ತಡೆಗೋಡೆಗೋ ಆದರೆ ಈ ಅನುಕೂಲವೂ ಇಲ್ಲ. ಆಗ ಗಾಡಿ ತನ್ನ ಚಲನಶಕ್ತಿಯನ್ನೆಲ್ಲ ತಾನೇ ಅರಗಿಸಿಕೊಳ್ಳಬೇಕು, ತೂಕ ಹೆಚ್ಚಿದಂತೆ ಆ ಶಕ್ತಿಯೂ ಹೆಚ್ಚು. ಅಲ್ಲಿ ಕಾಪಾಡುವುದು ಮುಂಭಾಗ ಹದವಾಗಿ ನಜ್ಜಾಗಿ, ಕೂರುವ ಜಾಗ ಗಟ್ಟಿಯಾಗಿ ಉಳಿಯುವಂತೆ ಮಾಡಿದ ರಚನೆ. ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2016ರಲ್ಲಿ ಪರೀಕ್ಷಿಸಿದ, ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೊಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. 2018ರಲ್ಲಿ ನಾಲ್ಕು ಮೀಟರಿಗಿಂತ ಚಿಕ್ಕದಾದ ಟಾಟಾ ನೆಕ್ಸಾನ್ ವಯಸ್ಕರ ಸುರಕ್ಷತೆಯಲ್ಲಿ ಐದು ಸ್ಟಾರ್ ಪಡೆಯಿತು. 2022ರಲ್ಲಿ ಹೊಸ ರಚನೆಯ ಸ್ಕಾರ್ಪಿಯೊ-ಎನ್ ಕೂಡ ಐದು ಪಡೆಯಿತು. ಈ ಮೂರು ಫಲಿತಾಂಶಗಳನ್ನು ಬೇರೆ ಮಾಡಿದ್ದು ಗಾತ್ರವಲ್ಲ, ವಿನ್ಯಾಸ.

2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಅದರಲ್ಲಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ನಜ್ಜಾಗುವಂಥ ತಡೆಗೆ ಗುದ್ದಿಸುತ್ತಾರೆ. ಇದು ತನ್ನಷ್ಟೇ ತೂಕದ ಕಾರಿಗೆ ಗುದ್ದಿದಂತೆ. ಹಾಗಾಗಿ ಎರಡು ಕಾರುಗಳು ಗುದ್ದಿಕೊಂಡಾಗ ಏನಾದೀತು ಎಂದು ತಿಳಿಯಲು, ಸುಮಾರು ಒಂದೇ ತೂಕದ ಕಾರುಗಳ ನಡುವೆ ಸ್ಟಾರ್‌ಗಳನ್ನು ಹೋಲಿಸಿದರೆ ಮಾತ್ರ ಅರ್ಥವಿದೆ.

ಎತ್ತರದ ಗಾಡಿಗೆ ಮತ್ತೊಂದು ಅಪಾಯವಿದೆ. ಗುರುತ್ವ ಕೇಂದ್ರ ಮೇಲಿರುವುದರಿಂದ ತಿರುವಿನಲ್ಲಿ, ಹಠಾತ್ತನೆ ಸ್ಟೀರಿಂಗ್ ಎಳೆದಾಗ ಪಲ್ಟಿಯಾಗುವ ಸಂಭವ ಹೆಚ್ಚು. ಕ್ಯಾರಿಯರ್ ಮೇಲೆ ಸಾಮಾನು ಹೇರಿದರೆ ಅದು ಇನ್ನೂ ಹೆಚ್ಚುತ್ತದೆ. ಹಾಗಾಗಿ ಇಎಸ್‌ಸಿ ಎಂಬ ಸ್ಥಿರತೆ ನಿಯಂತ್ರಣ ವ್ಯವಸ್ಥೆ ಇಲ್ಲದ ದೊಡ್ಡ ಗಾಡಿಯನ್ನು ಕೊಳ್ಳಬಾರದು. ಫೋರ್ ವೀಲ್ ಡ್ರೈವ್ ಕೆಸರಿನಿಂದ ಹೊರಬರಲು ನೆರವಾಗುತ್ತದೆ, ಆದರೆ ಮಳೆಗಾಲದ ಘಾಟಿಯಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಬೇಗ ನಿಲ್ಲಲು ಅದರಿಂದ ಉಪಯೋಗವಿಲ್ಲ. ನಿಲ್ಲಿಸುವುದು ಟಯರು ಮತ್ತು ಬ್ರೇಕು. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವುದು ಕಾನೂನಿಗೂ ವಿರುದ್ಧ, ವಿವೇಕಕ್ಕೂ ವಿರುದ್ಧ. ನಜ್ಜಾಗಬೇಕಾದ ಭಾಗವನ್ನು ಅದು ನಜ್ಜಾಗಲು ಬಿಡುವುದಿಲ್ಲ. ಇನ್ನು ಹಿಂದಿನ ಸೀಟಿನವರು ಬೆಲ್ಟ್ ಹಾಕದಿದ್ದರೆ ಐದು ಸ್ಟಾರ್‌ಗೂ ಬೆಲೆಯಿಲ್ಲ.

ಹೊರಗಿರುವವರ ಪ್ರಾಣವನ್ನೂ ಈ ಲೆಕ್ಕಕ್ಕೆ ಸೇರಿಸಲೇಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ದ್ವಿಚಕ್ರ ಸವಾರರು ಶೇ. 44.5, ಪಾದಚಾರಿಗಳು ಶೇ. 19.5. ಬಾನೆಟ್ಟಿನ ಅಂಚು ಸುಮಾರು ಒಂದು ಮೀಟರಿಗಿಂತ ಎತ್ತರವಿದ್ದರೆ, ತಗ್ಗಿನ, ಇಳಿಜಾರು ಮುಂಭಾಗದ ಕಾರಿಗಿಂತ ಪಾದಚಾರಿಯ ಸಾವಿನ ಸಂಭವ ಸುಮಾರು ಶೇ. 45ರಷ್ಟು ಹೆಚ್ಚು ಎಂದು ಅಮೆರಿಕದ ರಸ್ತೆ ಸುರಕ್ಷತಾ ಸಂಶೋಧನಾ ಸಂಸ್ಥೆ ಐಐಎಚ್‌ಎಸ್ 2023ರಲ್ಲಿ ತೋರಿಸಿತು. ಬಾನೆಟ್ಟಿನ ಮುಂದೆ ಕುಳಿತ ಮಗು ಚಾಲಕನಿಗೆ ಕಾಣುವುದೂ ಇಲ್ಲ.

ದಿನನಿತ್ಯದ ಅನುಕೂಲ

ಏಳು ಸೀಟು ಎಂದರೆ ಏಳು ಜನರಿಗೂ ಅವರ ಸಾಮಾನಿಗೂ ಜಾಗ ಎಂದಲ್ಲ. ಬಹುತೇಕ ಗಾಡಿಗಳಲ್ಲಿ ಮೂರನೇ ಸಾಲು ಬಿಚ್ಚಿದರೆ ಡಿಕ್ಕಿಯಲ್ಲಿ ಒಂದೆರಡು ಬ್ಯಾಗಿಗಷ್ಟೇ ಜಾಗ ಉಳಿಯುತ್ತದೆ. ಆ ಸಾಲಿನಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವುದು ದೊಡ್ಡವರಿಗೆ ಕಷ್ಟ. ಮಂಡಿನೋವಿನ ಅಜ್ಜಿಗೆ ಎತ್ತರದ ಗಾಡಿ ಹತ್ತುವುದೇ ಒಂದು ಕೆಲಸ.

ಪಾರ್ಕಿಂಗ್ ಅಳತೆಯನ್ನೂ ನೋಡಿ. ಫಾರ್ಚುನರ್ ಉದ್ದ 4.8 ಮೀಟರ್, ಅಗಲ ಕನ್ನಡಿ ಬಿಟ್ಟು 1.85 ಮೀಟರ್. ಅಪಾರ್ಟ್‌ಮೆಂಟಿನ ಜಾಗ 2.5 ಮೀಟರ್ ಅಗಲವಿದ್ದರೆ ಎರಡೂ ಬದಿಗೆ ಉಳಿಯುವುದು ಒಂದೊಂದು ಅಡಿ ಚಿಲ್ಲರೆ. ಟೆಸ್ಟ್ ಡ್ರೈವ್‌ಗೆ ತಂದ ಗಾಡಿಯನ್ನು ಹೆದ್ದಾರಿಗೆ ಒಯ್ಯುವ ಮೊದಲು ನಿಮ್ಮ ಬೇಸ್‌ಮೆಂಟಿಗೆ ಇಳಿಸಿ, ನಿಮ್ಮ ಬೀದಿಯಲ್ಲಿ ತಿರುಗಿಸಿ, ಮನೆಮಂದಿಯನ್ನೆಲ್ಲ ಕೂರಿಸಿ ನೋಡಿ.

ಇಂಧನ ಮತ್ತು ಉಳಿದ ಖರ್ಚು

ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ಲೀಟರಿಗೆ 18 ಕಿ.ಮೀ. ಕೊಡುವ ಕಾರಿನಲ್ಲಿ 667 ಲೀಟರ್ ಬೇಕು, 10 ಕಿ.ಮೀ. ಕೊಡುವುದರಲ್ಲಿ 1,200 ಲೀಟರ್. ಪೆಟ್ರೋಲಿಗೆ 100 ರೂಪಾಯಿ ಎಂದಿಟ್ಟುಕೊಂಡರೆ ವ್ಯತ್ಯಾಸ ವರ್ಷಕ್ಕೆ 53,000 ರೂಪಾಯಿ, ಎಂಟು ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಮೇಲೆ.

ಮೈಲೇಜ್ ಅಂಕಿಯಲ್ಲಿ ಒಂದು ಸೂಕ್ಷ್ಮವಿದೆ. ಇದೇ ದೂರಕ್ಕೆ 16ರಿಂದ 20ಕ್ಕೆ ಏರಿದರೆ ಉಳಿಯುವುದು 150 ಲೀಟರ್, 8ರಿಂದ 10ಕ್ಕೆ ಏರಿದರೆ 300 ಲೀಟರ್. ದೊಡ್ಡ ಗಾಡಿಯಲ್ಲಿ ಒಂದೆರಡು ಕಿ.ಮೀ.ಯ ಸುಧಾರಣೆಯೂ ದೊಡ್ಡ ಉಳಿತಾಯ. ವೇಗವೂ ಮುಖ್ಯ: 80ರಿಂದ 100ಕ್ಕೆ ಏರಿದಾಗ ಗಾಳಿಯ ತಡೆ ಶೇ. 56ರಷ್ಟು ಹೆಚ್ಚುತ್ತದೆ, ಅಗಲ ಎತ್ತರದ ಗಾಡಿಗೆ ಅದರ ಹೊರೆ ಜಾಸ್ತಿ. ಜಾಹೀರಾತಿನ ಮೈಲೇಜನ್ನು ಎ.ಸಿ. ಹಾಕದೆ ಪ್ರಯೋಗಾಲಯದಲ್ಲಿ ಅಳೆದಿರುತ್ತಾರೆ. ಟ್ಯಾಂಕ್ ತುಂಬಿಸಿ ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದ್ದೇ ನಿಜವಾದ ಅಂಕಿ.

ದಿನವೂ ನಾಲ್ಕೈದು ಕಿ.ಮೀ. ಮಾತ್ರ ಓಡಿಸುವವರಿಗೆ ಡೀಸೆಲ್ ಹೊಂದುವುದಿಲ್ಲ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿಗೊಳಿಸಿಕೊಳ್ಳಲು ಎಂಜಿನ್ ಆಗಾಗ ಬಿಸಿಯೇರಿ ದೂರ ಓಡಬೇಕು.

ತೆರಿಗೆಯೂ ಗಾತ್ರ ನೋಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಜಿಎಸ್‌ಟಿ ಶೇ. 18, ದೊಡ್ಡದಕ್ಕೆ ಶೇ. 40. ಥರ್ಡ್ ಪಾರ್ಟಿ ವಿಮೆ 2022ರ ದರದಲ್ಲಿ 1,000ದಿಂದ 1,500 ಸಿಸಿವರೆಗೆ 3,416 ರೂಪಾಯಿ, ಮೀರಿದರೆ 7,897.

ಯಾರಿಗೆ ಬೇಕು?

ಮನೆಯಲ್ಲಿ ನಿತ್ಯ ಆರೇಳು ಜನ ಒಟ್ಟಿಗೆ ಓಡಾಡುವವರಿಗೆ, ಮಲೆನಾಡಿನ ತೋಟದ ಕಚ್ಚಾ ದಾರಿಯಲ್ಲಿ ದಿನವೂ ಹೋಗುವವರಿಗೆ ದೊಡ್ಡ ಗಾಡಿ ನಿಜವಾದ ಅಗತ್ಯ. ವರ್ಷಕ್ಕೆ ಮೂರು ಸಲ ಊರಹಬ್ಬಕ್ಕೆ, ಮದುವೆಗೆ ಬೇಕು ಎನ್ನುವವರು ಆ ಮೂರು ಸಲ ಇನ್ನೋವಾ ಬಾಡಿಗೆಗೆ ತರುವುದು ಲೇಸು. ಮೇಲಿನ 53,000 ರೂಪಾಯಿಯಲ್ಲಿ ಬಾಡಿಗೆ ಕೊಟ್ಟೂ ಹಣ ಉಳಿದೀತು. ಗಾತ್ರವನ್ನು ವರ್ಷದ ಮುನ್ನೂರು ದಿನಗಳ ಬಳಕೆ ನೋಡಿ ಆರಿಸಿ. ಸುರಕ್ಷತೆಯನ್ನು ಸ್ಟಾರ್, ಇಎಸ್‌ಸಿ, ಏರ್‌ಬ್ಯಾಗ್ ನೋಡಿ ಆರಿಸಿ. ದೊಡ್ಡದನ್ನೇ ಕೊಂಡಿರಾದರೆ, ಪಕ್ಕದಲ್ಲಿ ಸ್ಕೂಟರಿನಲ್ಲಿ ಹೋಗುವವರ ಜೀವದ ಹೊಣೆಯೂ ನಿಮ್ಮದೆಂದು ತಿಳಿದು ನಿಧಾನವಾಗಿ ಓಡಿಸಿ.