ಬರಿಗೈಯ ಪಣ

ಅಮೆರಿಕೆಯ ಲಾಸ್ ವೇಗಾಸ್ ನಗರದ ಬಿನಿಯನ್ಸ್ ಹಾರ್ಸ್‌ಶೂ ಜೂಜುಗೃಹ. 2003ರ ಮೇ ತಿಂಗಳು. ತಲಾ 10,000 ಡಾಲರ್ ಪ್ರವೇಶಶುಲ್ಕದ ಪೋಕರ್ ವಿಶ್ವಸ್ಪರ್ಧೆಗೆ ಕುಳಿತಿದ್ದ 839 ಮಂದಿಯಲ್ಲಿ ಉಳಿದವರು ಇಬ್ಬರೇ. ಒಬ್ಬ ಸ್ಯಾಮ್ ಫರ್ಹಾ, ಪಳಗಿದ ವೃತ್ತಿಪರ ಜೂಜುಗಾರ. ಇನ್ನೊಬ್ಬ ಟೆನೆಸ್ಸಿಯ ಲೆಕ್ಕಿಗ, ಕ್ರಿಸ್ ಮನಿಮೇಕರ್. ‘ಹಣ ಮಾಡುವವ’ ಎಂಬುದು ಆತನ ಮನೆತನದ ಹೆಸರೇ. ಅಡ್ಡಹೆಸರೆಂದು ವಾಚಕರು ಭಾವಿಸಬಾರದು! ಗಣಕಯಂತ್ರದಲ್ಲಿ ಕೇವಲ 86 ಡಾಲರಿನ ಅರ್ಹತಾಪಂದ್ಯ ಆಡಿ ಗೆದ್ದು ಬಂದಿದ್ದವನು ಆತ.

ಪೋಕರಿನ ಈ ಬಗೆಯಲ್ಲಿ ಕೈಯಲ್ಲಿ ಗುಟ್ಟಾಗಿ ಎರಡೆರಡು ಎಲೆ. ಮೇಜಿನ ಮೇಲಿನ ಐದು ಇಬ್ಬರಿಗೂ ಸಮಾನ. ಐದೂ ತೆರೆದಾಗ ಫರ್ಹಾನಿಗೆ ಒಂಬತ್ತರ ಜೋಡಿ ಕೂಡಿತ್ತು. ಮನಿಮೇಕರನ ಕೈಯಲ್ಲಿದ್ದುದು ರಾಜ ಮತ್ತು ಏಳು. ಒಂದು ಜೋಡಿಯೂ ಇಲ್ಲ. ಆದರೂ ಆತ ಬಿಲ್ಲೆಗಳನ್ನೆಲ್ಲ ಪಣಕ್ಕೊಡ್ಡಿದ! ಫರ್ಹಾ ಒಪ್ಪಿಬಿಟ್ಟಿದ್ದರೆ ಆತನ ಬಳಿ ಅಲ್ಪವೇ ಉಳಿಯುತ್ತಿತ್ತು.

ಫರ್ಹಾನಿಗೆ ಸಂದೇಹ ಬಾರದಿರಲಿಲ್ಲ. ಬಯಸಿದ ಎಲೆ ಬರಲಿಲ್ಲವೇನೋ ಎಂದು ಕೆಣಕಿಯೂ ನೋಡಿದ. ಮನಿಮೇಕರ್ ತುಟಿ ಬಿಚ್ಚಲಿಲ್ಲ, ಶಿಲೆಯಂತೆ ಕುಳಿತಿದ್ದ. ಕಡೆಗೆ ಫರ್ಹಾ, ಗೆಲ್ಲುವ ಎಲೆಗಳನ್ನೇ ಕೆಳಗಿಟ್ಟ.

ಅನಂತರ ಆಟ ಬಹಳ ಹೊತ್ತು ನಡೆಯಲಿಲ್ಲ. 25 ಲಕ್ಷ ಡಾಲರ್ ಲೆಕ್ಕಿಗನ ಪಾಲಾಯಿತು. ಮರುವರ್ಷ ಅದೇ ಸ್ಪರ್ಧೆಗೆ ಬಂದವರು 2,576 ಮಂದಿ.