ಇಬ್ಬರಿಗೂ ಮೂರೇ ಸರಿ, ಅಂಕ ಮಾತ್ರ ಬೇರೆ

ಐದು ಪ್ರಶ್ನೆಗಳ ಒಂದು ಕಿರುಪರೀಕ್ಷೆ ಇದೆ ಎಂದಿಟ್ಟುಕೊಳ್ಳಿ. ಒಬ್ಬಳು ಮೊದಲ ಮೂರನ್ನು ಸರಿ ಮಾಡಿದ್ದಾಳೆ, ಇನ್ನೊಬ್ಬ ಕೊನೆಯ ಮೂರನ್ನು. ಇಬ್ಬರಿಗೂ ಒಂದೇ ಅಂಕ ಕೊಡಬೇಕೇ? ನಮ್ಮ ಮೇಷ್ಟ್ರುಗಳನ್ನು ಕೇಳಿದರೆ ‘ಇದೂ ಒಂದು ಪ್ರಶ್ನೆಯೇ’ ಅಂದಾರು. ಸಂಖ್ಯಾಶಾಸ್ತ್ರಜ್ಞರು ಮಾತ್ರ ಇದನ್ನೇ ಹಿಡಿದು ಅರ್ಧ ಶತಮಾನಕ್ಕೂ ಮಿಕ್ಕಿ ಜಗ್ಗಾಡಿದ್ದಾರೆ.

ಒಂದು ಬಣದ ಹಿರಿಯ ಡೆನ್ಮಾರ್ಕಿನ ಗಣಿತಜ್ಞ ಗೇಯೊರ್ಗ್ ರಾಶ್. ಓದಲು ತಡವರಿಸುವ ಮಕ್ಕಳ ತಪ್ಪುಗಳನ್ನೂ ಡೆನ್ಮಾರ್ಕ್ ಸೇನೆಯ ಬುದ್ಧಿಶಕ್ತಿ ಪರೀಕ್ಷೆಯನ್ನೂ ಲೆಕ್ಕ ಹಾಕುತ್ತ ಕೂತಿದ್ದ ಆತ 1960ರಲ್ಲಿ ತನ್ನ ಪುಸ್ತಕ ಹೊರತಂದ. ವಿದ್ಯಾರ್ಥಿಯ ಸಾಮರ್ಥ್ಯ, ಪ್ರಶ್ನೆಯ ಕಠಿಣತೆ ಎರಡನ್ನೂ ಒಂದೇ ಅಳತೆಪಟ್ಟಿಯ ಮೇಲಿಡಬೇಕು ಎಂಬುದು ಅದರ ತಿರುಳು. ಎರಡೂ ಸಮನಾಗಿದ್ದರೆ ಉತ್ತರ ಸರಿಯಾಗುವ ಸಾಧ್ಯತೆ ಶೇ 50. ಸಾಮರ್ಥ್ಯ ಒಂದು ಮಾನ ಮೇಲಿದ್ದರೆ ಸುಮಾರು ಶೇ 73, ಎರಡು ಮಾನ ಮೇಲಿದ್ದರೆ ಶೇ 88. ಈ ಲೆಕ್ಕದಲ್ಲಿ ಎಷ್ಟು ಸರಿ ಎಂಬುದಷ್ಟೇ ಮುಖ್ಯ. ಯಾವುದು ಸರಿ ಎಂದು ಯಾರೂ ಕೇಳುವುದಿಲ್ಲ. ಮೇಷ್ಟ್ರು ಗೆದ್ದರು.

1968ರಲ್ಲಿ ಅಮೆರಿಕದ ಲಾರ್ಡ್ ಮತ್ತು ನೋವಿಕ್ ತಂದ ಗ್ರಂಥದಲ್ಲಿ ಅಲನ್ ಬರ್ನ್‌ಬಾಮ್ ಬೇರೆಯೇ ರಾಗ ತೆಗೆದ. ಕೆಲವು ಪ್ರಶ್ನೆಗಳು ಬಲ್ಲವರನ್ನೂ ಅರಿಯದವರನ್ನೂ ಚೊಕ್ಕವಾಗಿ ಬೇರ್ಪಡಿಸುತ್ತವೆ. ಇನ್ನು ಕೆಲವು ಗೋಜಲು. ಅಲ್ಲಿ ಬಲ್ಲವರೂ ಎಡವುತ್ತಾರೆ, ಅರಿಯದವರೂ ದಾಟುತ್ತಾರೆ. ಹಾಗಾಗಿ ಬೇರ್ಪಡಿಸುವ ಶಕ್ತಿಗೆ ತಕ್ಕ ತೂಕ ಸಿಗಬೇಕು. ನಮ್ಮ ಐದು ಪ್ರಶ್ನೆಗಳ ತೂಕ ಕ್ರಮವಾಗಿ 0.4, 0.6, 1, 1.4, 1.6 ಎನ್ನಿ. ಹುಡುಗಿಯ ಮೊತ್ತ 2, ಹುಡುಗನದು 4. ಸರಿಯುತ್ತರ ಮೂರೇ ಆದರೂ ಅವನ ಸ್ಕೋರ್ ಮೇಲೆ.

ಕಠಿಣ ಪ್ರಶ್ನೆಗೆ ಹೆಚ್ಚು ಅಂಕ ಕೊಟ್ಟಿದ್ದಾರೆ ಎಂದು ಇಲ್ಲಿ ಎಲ್ಲರೂ ಭಾವಿಸುತ್ತಾರೆ. ಅಲ್ಲ. ಇಬ್ಬರೂ ಅದೇ ಐದು ಪ್ರಶ್ನೆ ಬರೆದಿರುವಾಗ ಆ ತೂಕದಲ್ಲಿ ಕಠಿಣತೆಗೆ ಪಾಲೇ ಇಲ್ಲ. ಸುಲಭದ ಪ್ರಶ್ನೆಯೂ ಚೊಕ್ಕವಾಗಿದ್ದರೆ ಭಾರ, ಕಬ್ಬಿಣದ ಕಡಲೆಯೂ ಗೋಜಲಾಗಿದ್ದರೆ ಹಗುರ.

ಬರ್ನ್‌ಬಾಮ್ ಊಹೆಗೂ ಒಂದು ಅಂಶ ಸೇರಿಸಿದ. ನಾಲ್ಕು ಆಯ್ಕೆಗಳಿದ್ದರೆ ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲೊಂದು ಸರಿಯಾಗಬಹುದಲ್ಲ! ನಮ್ಮಲ್ಲಿ ಇದಕ್ಕೆ ಮದ್ದು ನೆಗೆಟಿವ್ ಮಾರ್ಕಿಂಗ್. ಆದರೆ ನೀಟ್‌ನ +4, –1 ಲೆಕ್ಕದಲ್ಲಿ ಕುರುಡು ಊಹೆಗೂ ಸರಾಸರಿ ಕಾಲು ಅಂಕದ ಲಾಭವೇ ಉಳಿಯುತ್ತದೆ.

ದೀರ್ಘ ಉತ್ತರಗಳಿಗೆ 1982ರಲ್ಲಿ ಜೆಫ್ ಮಾಸ್ಟರ್ಸ್ ರಾಶ್ ಮಾದರಿಯನ್ನೇ ಹಿಗ್ಗಿಸಿದರು: ಪ್ರತಿ ಹಂತಕ್ಕೂ ಅದರದೇ ಕಠಿಣತೆ. ನಮ್ಮ ಗಣಿತದ ಮೌಲ್ಯಮಾಪಕರ ‘ಸ್ಟೆಪ್ ಮಾರ್ಕ್ಸ್’ ನೆನಪಾಗದೇ ಇರದು.

ಹಲವು ದೇಶಗಳ ಶಾಲಾಮಕ್ಕಳ ಕಲಿಕೆಯನ್ನು ಹೋಲಿಸುವ ಪೀಸಾ ಸಮೀಕ್ಷೆ ಮೊದಲು ರಾಶ್ ಹಾದಿಯಲ್ಲೇ ನಡೆದು, 2015ರಿಂದ ತೂಕ ಕಟ್ಟುವ ಮಾದರಿಯನ್ನೂ ಸೇರಿಸಿಕೊಂಡಿತು. ಅಲ್ಲಿ ಸರಿಯೇ, ಅದು ದೇಶಗಳನ್ನು ಅಳೆಯುತ್ತದೆ, ಯಾವ ಮಗುವಿನ ಸೀಟೂ ಅದರಿಂದ ತಪ್ಪುವುದಿಲ್ಲ. ಪ್ರವೇಶ ಪರೀಕ್ಷೆಯ ಮಾತು ಬಂದರೆ ನನ್ನ ವೋಟು ರಾಶ್‌ಗೆ. ತನ್ನ ಒಂದು ಸರಿಯುತ್ತರ ಪಕ್ಕದವನ ಸರಿಯುತ್ತರಕ್ಕಿಂತ ಯಾಕೆ ಕಡಿಮೆ ಎಂದು ಹುಡುಗಿ ಕೇಳಿದರೆ, ‘ಆ ಪ್ರಶ್ನೆ ಸರಿಯಾಗಿ ಬರೆದಿರಲಿಲ್ಲ’ ಎನ್ನಬೇಕಾಗುತ್ತದೆ. ಪ್ರಶ್ನೆ ಬರೆದವರ ತಪ್ಪಿಗೆ ದಂಡ ತೆರುವವಳು ಅವಳು.